ಎರಡನೇ ಸಿಲಿಂಡರ್ ತಣ್ಣಗೇ ಇತ್ತು: ಒಂದು ಎಕ್ಸ್‌ಜೆಆರ್ 1300 ರಿಪೇರಿ

340 ಪೌಂಡ್ ಬಿಲ್ ಕಟ್ಟಿ ಬೈಕನ್ನು ಮನೆಗೆ ತಂದೆ. ನಮ್ಮ ರಸ್ತೆಯ ತಿರುವಿನಲ್ಲಿ ಗೇರ್ ಇಳಿಸಿ ನಿಧಾನ ಮಾಡಿದ್ದೇ ತಡ, ಮತ್ತೆ ಅದೇ ಹಳೇ ರಾಗ. ಕಾಲು ಉಳುಕಿದವರು ನಡೆದ ಹಾಗೆ ಎಂಜಿನ್ ಕುಂಟುತ್ತಿತ್ತು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಎರಡು ಹೊಸ ಇಗ್ನಿಷನ್ ಕಾಯಿಲ್, ನಾಲ್ಕು ಹೊಸ ಪ್ಲಗ್, ಮೇಲೆ ಕೂಲಿ. ಮಿಸ್ಸಿಂಗ್ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಸಿಟ್ಟು ಬಂತು, ನಿಜ. ಆದರೆ ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿದರೆ ಮೊದಲ ತಪ್ಪು ನನ್ನದೇ. ಎರಡನೆಯದು ವರ್ಕ್‌ಶಾಪಿನವರದು. ಮೂರನೆಯದು ಮತ್ತೆ ನನ್ನದು. ಒಂದೊಂದಾಗಿ ಹೇಳುತ್ತೇನೆ.

ಬೈಕು

ಯಮಹಾ ಎಕ್ಸ್‌ಜೆಆರ್ 1300, 2003ರ ಮಾಡೆಲ್. 1,251 ಸಿಸಿ, ಅಡ್ಡಕ್ಕೆ ಸಾಲಾಗಿ ನಿಂತ ನಾಲ್ಕು ಸಿಲಿಂಡರ್, ರೇಡಿಯೇಟರ್ ಇಲ್ಲ, ಗಾಳಿಗೇ ತಣ್ಣಗಾಗಬೇಕು. ದುಂಡು ಹೆಡ್‌ಲೈಟ್, ಎರಡು ದುಂಡು ಮೀಟರ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್. 1970ರ ದಶಕದ ದೊಡ್ಡ ಜಪಾನಿ ಬೈಕುಗಳ ರೂಪವನ್ನೇ ಉಳಿಸಿಕೊಂಡು ಮಾಡಿದ ಗಾಡಿ. ಎಂಜಿನ್ನಿನ ಮೂಲ ಮಾತ್ರ 1984ರ ಎಫ್‌ಜೆ 1100. ಅದೇ ಬೆಳೆದು ಎಫ್‌ಜೆ 1200 ಆಯಿತು, ಆಮೇಲೆ ಎಕ್ಸ್‌ಜೆಆರ್ 1200, ಆಮೇಲೆ ಇದು. 2007ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂತು. ನನ್ನದು ಅದಕ್ಕಿಂತ ಹಿಂದಿನದು, ಅಂದರೆ ನಾಲ್ಕು ಸಿಲಿಂಡರಿಗೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ನಾಲ್ಕು ಮಿಕುನಿ ಕಾರ್ಬುರೇಟರ್. ಟ್ಯಾಂಕ್ 21 ಲೀಟರ್. ತುಂಬಿಸಿ ನಿಲ್ಲಿಸಿದರೆ ಹತ್ತಿರ ಹತ್ತಿರ 250 ಕೆಜಿ. ಒಂದು ಸಲ ಶೆಡ್ಡಿನೊಳಗೆ ನನ್ನ ಮೇಲೆ ವಾಲಿಕೊಂಡಿತ್ತು, ಅದು ಬೇರೆ ಕಥೆ.

ನಾನಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಿಮ ಕಟ್ಟದಿರಲಿ ಅಂತ. ಆ ಉಪ್ಪು ಕ್ರೋಮ್, ಅಲ್ಯೂಮಿನಿಯಂ, ಬ್ರೇಕ್ ಪಿಸ್ಟನ್ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಅಕ್ಟೋಬರ್ ಕೊನೆಗೆ ಬೈಕ್ ಶೆಡ್ ಸೇರುತ್ತದೆ. ರಸ್ತೆಗೆ ಇಳಿಸುವುದಿಲ್ಲ ಅಂತ ಸರಕಾರಕ್ಕೆ ತಿಳಿಸಿದರೆ ಅಷ್ಟು ತಿಂಗಳ ಟ್ಯಾಕ್ಸ್ ಉಳಿಯುತ್ತದೆ, ಇಲ್ಲಿ ಅದಕ್ಕೆ ಸಾರ್ನ್ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಹೊರಗೆ ತೆಗೆಯುವುದು. ಊರಿನಲ್ಲಿ ವರ್ಷವಿಡೀ ಗಾಡಿ ಓಡಿಸಿದವರಿಗೆ ಇದೊಂದು ವಿಚಿತ್ರ, ಐದಾರು ತಿಂಗಳು ಬೈಕು ಸುಮ್ನೆ ಮಲಗಿರುತ್ತದೆ.

ಕಾಯಿಲೆ

2023ರ ಏಪ್ರಿಲ್‌ನಲ್ಲಿ ಹೊರಗೆ ತೆಗೆದೆ. ಬ್ಯಾಟರಿ ಚಾರ್ಜ್ ಆಗಿತ್ತು. ಚೋಕ್ ಎಳೆದು ಬಟನ್ ಒತ್ತಿದರೆ ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದೆ ನಿಂತಲ್ಲೇ ಓಡುವುದು, ಒಂದೇ ಸಮ ಇಲ್ಲ, ಕನ್ನಡಿಯಲ್ಲಿ ಹಿಂದಿನ ಮನೆ ನಡುಗುತ್ತಿದೆ. 3,000 ಆರ್‌ಪಿಎಂ ಒಳಗೆ ಜೀವ ಇಲ್ಲ. ಅದನ್ನು ದಾಟಿಸಿದರೆ ಏನೂ ಆಗಿಯೇ ಇಲ್ಲವೇನೋ ಅನ್ನುವ ಹಾಗೆ ಎಳೆಯುತ್ತದೆ. ಎ6 ರಸ್ತೆ ಹಿಡಿದು ಮ್ಯಾಟ್ಲಾಕ್ ಬಾತ್ ತನಕ ಹೋದೆ. ಭಾನುವಾರ ಬೈಕಿನವರೆಲ್ಲ ಸೇರುವ ಜಾಗ ಅದು. ಖಾಲಿ ರಸ್ತೆಯಲ್ಲಿ ಚೆನ್ನಾಗಿಯೇ ಇತ್ತು, ಊರೊಳಗೆ ವಾಹನಗಳ ಸಾಲಿನಲ್ಲಿ ನಿಂತಾಗ ಮೂರು ಸಲ ಆಫ್ ಆಯಿತು. ಪಕ್ಕದಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

ಆಗ ಕೆಲಸದ ಒತ್ತಡ ಬೇರೆ ಇತ್ತು. ಹತ್ತಿರದ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಅವರು ಶಬ್ದ ಕೇಳಿದರು, ಮಾಡೆಲ್ ವರ್ಷ ಕೇಳಿದರು, ಹಳೇ ಯಮಹಾ ಅಲ್ವಾ, ಕಾಯಿಲ್ ಹೋಗಿರುತ್ತೆ ಅಂದರು. ನಾನು ಹೂಂ ಅಂದೆ. ಆಮೇಲಿನದು ನಿಮಗೆ ಗೊತ್ತು.

ಮನೆಗೆ ತಂದ ರಾತ್ರಿಯೇ ಮೈಸೂರಿನ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಸೋದರಮಾವ. ಅವರ ಹತ್ತಿರ ಇವತ್ತಿಗೂ ಓಡುವ ಒಂದು ಯೆಜ್ದಿ ಇದೆ. ಆ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಮಾವ ಮಾತ್ರ ತಮ್ಮ ಶೆಡ್ಡಿನಲ್ಲಿ ಅದನ್ನು ಇನ್ನೂ ಮುಚ್ಚಿಲ್ಲ. ಕ್ಯಾಮೆರಾದಲ್ಲಿ ನನ್ನ ಬೈಕು ತೋರಿಸಿದೆ. ಮೊದಲು ನಕ್ಕರು.

"ನಮ್ದು ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಕಣೋ. ನಿಂದು ನಾಲ್ಕಕ್ಕೆ ಎರಡೇ?"

ಆಮೇಲೆ ಕೇಳಿದರು: "ನಾಲ್ಕರಲ್ಲಿ ಯಾವುದು ಕೆಲಸ ಮಾಡ್ತಿಲ್ಲ?"

"ಗೊತ್ತಿಲ್ಲ ಮಾವ."

"ಅವರು ನೋಡಿದ್ರಾ?"

"ನೋಡಿರಬೇಕು..."

"ಮತ್ತೆ ಅಷ್ಟು ದುಡ್ಡು ಯಾವುದಕ್ಕೆ ಕೊಟ್ಟೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಖರ್ಚಿಲ್ಲದ ಮೂರು ಪರೀಕ್ಷೆ

ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ಹಿಡಿದು ಕೂತೆ. ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಟ್ಟೆ. ಸಿಲಿಂಡರಿನಿಂದ ಹೊರಬರುವ ನಾಲ್ಕು ಸೈಲೆನ್ಸರ್ ಪೈಪಿನ ಮೇಲೂ ಒಂದೊಂದು ಸಲ ನೀರು ಹೊಡೆದೆ. ಸವಾರನ ಎಡಗಡೆಯಿಂದ ಎಣಿಸಬೇಕು. ಒಂದನೆಯದು ಚುಂಯ್ ಅಂತು. ಮೂರು, ನಾಲ್ಕು ಕೂಡ ಚುಂಯ್. ಎರಡನೆಯದರ ಮೇಲೆ ನೀರು ಹನಿ ಹನಿಯಾಗಿ ಸುಮ್ನೆ ಕೆಳಗೆ ಇಳಿಯಿತು. ಹೆದರುತ್ತ ಬೆರಳು ಮುಟ್ಟಿಸಿದೆ. ಬೆಚ್ಚಗೂ ಇರಲಿಲ್ಲ.

ಇಷ್ಟಕ್ಕೇ ಕಾಯಿಲ್ ವಿಷಯ ಮುಗಿಯಿತು. ಹೇಗೆ ಅಂದರೆ, ಈ ಎಂಜಿನ್ನಿನಲ್ಲಿ ನಾಲ್ಕು ಪ್ಲಗ್ಗಿಗೆ ಎರಡೇ ಕಾಯಿಲ್. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಪ್ಲಗ್ ಒಟ್ಟಿಗೇ ಕಿಡಿ ಕೊಡುತ್ತವೆ, ಒಂದು ಕಿಡಿ ಕೆಲಸಕ್ಕೆ, ಇನ್ನೊಂದು ದಂಡಕ್ಕೆ. 2–3ರ ಕಾಯಿಲ್ ಸತ್ತಿದ್ದರೆ ಎರಡನೇ ಸಿಲಿಂಡರಿನ ಜೊತೆ ಮೂರನೆಯದೂ ತಣ್ಣಗಿರಬೇಕಿತ್ತು. ಮೂರನೆಯದು ಚುಂಯ್ ಅಂದಿದೆ. ಒಂದು ಬಾಟಲಿ ನೀರಿನಲ್ಲಿ ಗೊತ್ತಾಗುವುದಕ್ಕೆ ನಾನು 340 ಪೌಂಡ್ ಕೊಟ್ಟಿದ್ದೆ.

ಇನ್ನೊಂದು ಅನುಮಾನ ಉಳಿದಿತ್ತು. ಪ್ಲಗ್ ಕ್ಯಾಪ್ ಒಳಗೆ ಬಿರುಕು ಬಿಟ್ಟು ಕಿಡಿ ಹೊರಗೇ ಸೋರಿಹೋದರೆ ಒಂದೇ ಸಿಲಿಂಡರ್ ಸಾಯಬಹುದು. 2 ಮತ್ತು 3ರ ಕ್ಯಾಪ್‌ಗಳನ್ನು ವಯರಿನಿಂದ ತಿರುಗಿಸಿ ಬಿಚ್ಚಿ ಅದಲು ಬದಲು ಮಾಡಿದೆ. ಕ್ಯಾಪ್ ಕೆಟ್ಟಿದ್ದರೆ ರೋಗ ಮೂರನೆಯದಕ್ಕೆ ಹೋಗಬೇಕು. ಹೋಗಲಿಲ್ಲ, ಎರಡನೆಯದೇ ತಣ್ಣಗಿತ್ತು.

ಕೊನೆಗೆ ಪ್ಲಗ್. ನಾಲ್ಕನ್ನೂ ಒರೆಸಿ ಹಾಕಿ, ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ, ಎರಡನೆಯದನ್ನು ಬಿಚ್ಚಿದೆ. ಮಾವ ಮೊದಲೇ ಹೇಳಿದ್ದರು: "ಒದ್ದೆ ಇದ್ರೆ ಕರೆಂಟಿನ ತೊಂದರೆ, ಒಣಗಿದ್ರೆ ಪೆಟ್ರೋಲಿಂದು." ಪೆಟ್ರೋಲ್ ಬಂದು ಕಿಡಿ ಬರದಿದ್ದರೆ ಪ್ಲಗ್ ತೊಯ್ದು ವಾಸನೆ ಹೊಡೆಯುತ್ತದೆ. ನನ್ನದು ಡಬ್ಬಿಯಿಂದ ಈಗ ತೆಗೆದ ಹಾಗೆ ಒಣಗಿತ್ತು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡಿಮೆಯಾಗಿರುವ ಅನುಮಾನ ನನಗೆ ಬರಲಿಲ್ಲ, ಏಕೆಂದರೆ 3,000 ದಾಟಿದರೆ ಇದೇ ಸಿಲಿಂಡರ್ ಚೆನ್ನಾಗಿ ಎಳೆಯುತ್ತಿತ್ತು.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ದಾರಿ ಒಂದೇ ಅಲ್ಲ. ಆಕ್ಸಿಲರೇಟರ್ ಮುಚ್ಚಿದ್ದಾಗ ಅಥವಾ ಒಂಚೂರು ತೆರೆದಾಗ ಸಣ್ಣ ತೂತಿನ ಸ್ಲೋ ಜೆಟ್‌ನಿಂದ ಬರುತ್ತದೆ. ಜಾಸ್ತಿ ತೆರೆದಾಗ ಸೂಜಿ, ಆಮೇಲೆ ಮೇನ್ ಜೆಟ್. ಕೆಳಗೆ ಸತ್ತು ಮೇಲೆ ಬದುಕಿದೆ ಅಂದರೆ ಎರಡನೇ ಕಾರ್ಬುರೇಟರಿನ ಸ್ಲೋ ಜೆಟ್ ಕಟ್ಟಿಕೊಂಡಿದೆ. ಇನ್ನು ಬಿಚ್ಚುವುದೊಂದೇ ಬಾಕಿ.

ಒಂದು ಸ್ಕ್ರೂ

ಸೀಟು, ಟ್ಯಾಂಕ್ ತೆಗೆದೆ. ನಾಲ್ಕು ಕಾರ್ಬುರೇಟರ್ ಒಂದೇ ಪಟ್ಟಿಗೆ ಸೇರಿಸಿ ಇಟ್ಟಿರುತ್ತಾರೆ, ಮುಂದೆ ಎಂಜಿನ್ನಿನ ರಬ್ಬರ್ ಕೊಳವೆ, ಹಿಂದೆ ಏರ್ ಬಾಕ್ಸ್, ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲ. 20 ವರ್ಷದ ರಬ್ಬರು, ಡರ್ಬಿಯ ಏಪ್ರಿಲ್ ಚಳಿ, ಕಲ್ಲಿನ ಹಾಗೆ ಗಟ್ಟಿ. ಹೆಂಡತಿಯ ಹೇರ್ ಡ್ರೈಯರ್ ತಂದು ಹತ್ತು ನಿಮಿಷ ಬಿಸಿ ಮಾಡಿದ ಮೇಲೆ ಅಲುಗಾಡಿತು. ಕೇಳದೆ ತಂದಿದ್ದೆ. ಅದಕ್ಕೆ ಪೆಟ್ರೋಲ್ ವಾಸನೆ ಹಿಡಿದ ವಿಷಯ ಸಂಜೆ ಚರ್ಚೆಗೆ ಬಂತು.

ಕಾರ್ಬುರೇಟರ್ ಸಾಲನ್ನು ಅಡುಗೆಮನೆ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ತಲೆಕೆಳಗೆ ಇಟ್ಟೆ. ಪೆಟ್ರೋಲ್ ನಿಲ್ಲುವ ಅಡಿಯ ಬೌಲ್‌ಗಳು ಕಾಣುತ್ತಿವೆ. ಒಂದೊಂದು ಬೌಲ್‌ಗೂ ಒಂದೊಂದು ಡ್ರೈನ್ ಸ್ಕ್ರೂ, ಒಳಗಿನ ಪೆಟ್ರೋಲ್ ಹೊರಗೆ ಬಿಡಲು. 1, 3, 4ರದು ಸರಿಯಾಗಿವೆ. ಎರಡನೆಯದರ ತಲೆ ಸವೆದು ದುಂಡಗಾಗಿ ಹೊಳೆಯುತ್ತಿದೆ.

ಆಗ ನೆನಪಾಯಿತು. ಅಕ್ಟೋಬರಿನಲ್ಲಿ ಬೈಕು ಒಳಗೆ ಇಡುವಾಗ ನಾಲ್ಕೂ ಬೌಲ್ ಖಾಲಿ ಮಾಡಬೇಕು ಅಂತ ಗೊತ್ತಿತ್ತು, ಕೂತಿದ್ದೆ ಕೂಡ, ಮೂರು ಸಲೀಸಾಗಿ ಬಂದವು, ಎರಡನೆಯದಕ್ಕೆ ಸ್ಕ್ರೂ ಡ್ರೈವರ್ ಹಿಡಿಯಲೇ ಇಲ್ಲ, ಎರಡು ಸಲ ಜಾರಿತು, ಹೊರಗೆ ಕತ್ತಲಾಗುತ್ತಿತ್ತು, ಒಂದು ತಾನೇ ಅಂತ ಎದ್ದುಬಂದೆ. ಮೊದಲ ತಪ್ಪು ಅಂದೆನಲ್ಲ, ಇದೇ. ಬಿಟ್ಟ ಬೌಲೇ ಕಟ್ಟಿಕೊಂಡಿತ್ತು.

ಆ ಸ್ಕ್ರೂ ಹಾಗೆ ಸವೆದದ್ದಕ್ಕೂ ಕಾರಣ ಇದೆ, ಜಪಾನಿ ಬೈಕ್ ಇರುವವರು ಇದನ್ನು ತಿಳಿದಿರಬೇಕು. ಈ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಮಾಮೂಲಿ ಪ್ಲಸ್ ಸ್ಕ್ರೂ ಹಾಗೇ ಇರುತ್ತದೆ, ಆದರೆ ಅದಲ್ಲ. ಅದು ಜೆಐಎಸ್ ಅನ್ನುವ ಜಪಾನಿ ಅಳತೆಯದು. ನಾವೆಲ್ಲ ಇಟ್ಟುಕೊಂಡಿರುವ ಫಿಲಿಪ್ಸ್ ಸ್ಕ್ರೂ ಡ್ರೈವರ್ ಅದರೊಳಗೆ ತಳ ಮುಟ್ಟಿ ಕೂರುವುದಿಲ್ಲ. ಬಿಗಿಯಾದ ಸ್ಕ್ರೂ ತಿರುಗಿಸಲು ಹೋದರೆ ಮೇಲಕ್ಕೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಜೆಐಎಸ್ ಸ್ಕ್ರೂ ತಲೆಯ ಮೇಲೆ ಎಷ್ಟೋ ಸಲ ಒಂದು ಸಣ್ಣ ಚುಕ್ಕೆ ಇರುತ್ತದೆ, ಗುರುತಿಗೆ. 20 ವರ್ಷದಲ್ಲಿ ಯಾರ್ಯಾರು ಫಿಲಿಪ್ಸ್ ಹಾಕಿ ಒತ್ತಿದ್ದರೋ, ಕೊನೆಯ ಎರಡು ಸಲ ಜಾರಿಸಿದವನು ನಾನು. ಜೆಐಎಸ್ ಸ್ಕ್ರೂ ಡ್ರೈವರ್ ತರಿಸಿದೆ. ಬೌಲಿನ ಸ್ಕ್ರೂಗಳಿಗೆ ಅದು ಬೀಗದಲ್ಲಿ ಕೀಲಿ ಕೂತ ಹಾಗೆ ಕೂತಿತು, ಟಕ್ ಟಕ್ ಅಂತ ಎಲ್ಲ ಬಿಚ್ಚಿಕೊಂಡವು. ಸವೆದ ಡ್ರೈನ್ ಸ್ಕ್ರೂ ಮಾತ್ರ ಅದಕ್ಕೂ ಬಗ್ಗಲಿಲ್ಲ. ಬೌಲ್ ಕೈಗೆ ಬಂದ ಮೇಲೆ ಅದರ ತಲೆಯನ್ನು ಲಾಕ್ ಆಗುವ ಇಕ್ಕಳದಲ್ಲಿ ಕಚ್ಚಿಸಿ ತಿರುಗಿಸಿ ತೆಗೆದೆ. ಅದರ ಜಾಗಕ್ಕೆ ಹೊಸದು.

ಎರಡನೇ ಬೌಲಿನ ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು. ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ, ಹಳೇ ವಾರ್ನಿಷ್ ವಾಸನೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಶೇಕಡಾ 10ರ ತನಕ ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ಎಲ್ಲರೂ ಅದನ್ನೇ ಬೈಯುತ್ತಾರೆ. ನನಗೆ ಅಷ್ಟೊಂದು ಸಿಟ್ಟಿಲ್ಲ, ಎಥನಾಲ್ ಇಲ್ಲದ ಕಾಲದಲ್ಲೂ ನಿಂತ ಪೆಟ್ರೋಲಿನ ಹಗುರ ಭಾಗ ಆರಿಹೋಗಿ ಉಳಿದದ್ದು ಅಂಟಾಗುತ್ತಿತ್ತು. ಆರು ತಿಂಗಳು ಬೌಲಿನಲ್ಲಿ ಪೆಟ್ರೋಲ್ ಬಿಟ್ಟವನು ನಾನು ತಾನೇ.

ಸ್ಲೋ ಜೆಟ್ ಬಿಚ್ಚಿದೆ. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಹಿತ್ತಾಳೆ ತುಂಡು, ನಡುವೆ ಅರ್ಧ ಮಿಲಿಮೀಟರಿಗಿಂತ ಸಣ್ಣ ತೂತು. ಮೂರನೆಯದನ್ನು ಕಿಟಕಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು. ಎರಡನೆಯದರಲ್ಲಿ ಕತ್ತಲೆ. ತಂತಿ ತರಲು ಎದ್ದೆ, ಫೋನಿನೊಳಗಿಂದ ಮಾವ ಕೂಗಿದರು: "ಲೋ, ಸ್ಟೀಲ್ ತಂತಿ ಹಾಕಬೇಡ! ತೂತು ದೊಡ್ಡದಾದ್ರೆ ಜೆಟ್ಟೇ ಹೋಯ್ತು." ಒಂದು ರಾತ್ರಿ ಕ್ಲೀನರ್‌ನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಳೇ ವಯರಿನ ಒಂದು ತಾಮ್ರದ ಎಳೆ ತೂರಿಸಿ, ಗಾಳಿ ಹೊಡೆದೆ. ಬೆಳಕು ಬಂತು. ಇಡೀ ರಿಪೇರಿಯಲ್ಲಿ ನನಗೆ ಅತಿ ಖುಷಿ ಕೊಟ್ಟ ಕ್ಷಣ ಅದು.

ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅಂತ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಅದು ಹಗುರಾಗಿ ತಳ ಮುಟ್ಟುವ ತನಕ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟೆ, ವಾಪಸ್ ಅಷ್ಟೇ ಹಾಕಬೇಕು. ಅದರ ಹಿಂದೆ ಸ್ಪ್ರಿಂಗ್, ವಾಶರ್, ಸಣ್ಣ ರಬ್ಬರ್ ಉಂಗುರ ಇರುತ್ತವೆ. ಉಂಗುರ ಎಷ್ಟೋ ಸಲ ತೂತಿನೊಳಗೇ ಅಂಟಿ ಉಳಿಯುತ್ತದೆ, ಇಣುಕಿ ನೋಡಿ. ನಾಲ್ಕು ಕಾರ್ಬುರೇಟರ್‌ಗಳನ್ನು ಪಟ್ಟಿಯಿಂದ ಬೇರೆ ಮಾಡಲು ಹೋಗಬೇಡಿ, ಶುಚಿ ಮಾಡಲು ಅದು ಬೇಕಾಗಿಯೇ ಇಲ್ಲ.

ನನ್ನ ಎರಡನೇ ತಪ್ಪು

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆ. ನೀರು ಹೊಡೆದೆ, ನಾಲ್ಕೂ ಚುಂಯ್. ಐಡ್ಲಿಂಗ್ ಗಡಿಯಾರದ ಹಾಗೆ. ಮಾವನಿಗೆ ವಿಡಿಯೋ ಕಳಿಸಿ, ಜಾಕೆಟ್ ಹಾಕಿಕೊಂಡು ಹೊರಟೆ. ಊರು ದಾಟಿ ಆಕ್ಸಿಲರೇಟರ್ ತಿರುಗಿಸಿದರೆ 4,000ದ ಮೇಲೆ ಬೈಕು ಹಿಂದಕ್ಕೆ ಎಳೆದ ಹಾಗಾಯಿತು. ಮೊದಲು ಕೆಳಗೆ ಸತ್ತು ಮೇಲೆ ಬದುಕಿತ್ತು. ಈಗ ಉಲ್ಟಾ.

ರಸ್ತೆ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬೇಲಿ ಆಚೆಯ ಕುರಿಗಳನ್ನು ನೋಡಿದೆ.

ಈ ಕಾರ್ಬುರೇಟರ್‌ಗಳಲ್ಲಿ ಸೂಜಿಯನ್ನು ಹೊತ್ತು ಮೇಲೆ ಕೆಳಗೆ ಆಡುವ ಸ್ಲೈಡನ್ನು ಮೇಲೆತ್ತುವುದು ಆಕ್ಸಿಲರೇಟರ್ ಕೇಬಲ್ ಅಲ್ಲ. ಕೇಬಲ್ ಕೆಳಗಿನ ಬಾಗಿಲನ್ನಷ್ಟೇ ತೆರೆಯುತ್ತದೆ. ಎಂಜಿನ್ ಗಾಳಿ ಎಳೆದಾಗ ಉಂಟಾಗುವ ಹೀರುವಿಕೆ ಒಂದು ತೆಳು ರಬ್ಬರ್ ಡಯಾಫ್ರಾಮಿನ ಮೂಲಕ ಸ್ಲೈಡನ್ನು ಎತ್ತುತ್ತದೆ. ಆ ರಬ್ಬರಿನ ಅಂಚು ಅದರ ತೋಡಿನಲ್ಲಿ ಸರಿಯಾಗಿ ಕೂತಿಲ್ಲ ಅಂದರೆ ಗಾಳಿ ಸೋರಿ ಸ್ಲೈಡ್ ಏಳುವುದೇ ಇಲ್ಲ. ಮತ್ತೆ ಟ್ಯಾಂಕ್, ಮತ್ತೆ ರಬ್ಬರ್ ಬಿಸಿ ಮಾಡುವುದು (ಈ ಸಲ ಅನುಮತಿ ಪಡೆದು), ಮತ್ತೆ ಅಡುಗೆಮನೆ ಮೇಜು. ಒಂದೊಂದೇ ಸ್ಲೈಡ್ ಬೆರಳಿನಿಂದ ಎತ್ತಿ ಬಿಟ್ಟೆ. 1, 2, 4 ನಿಧಾನವಾಗಿ ಇಳಿದವು, ಉಸಿರು ಬಿಟ್ಟ ಹಾಗೆ. ಮೂರನೆಯದು ಟಪ್ ಅಂತ ಬಿತ್ತು.

ಮುಚ್ಚಳ ತೆಗೆದರೆ ಡಯಾಫ್ರಾಮಿನ ಅಂಚು ಒಂದು ಕಡೆ ಮಡಚಿ ಮುಚ್ಚಳದ ಅಡಿಗೆ ಸಿಕ್ಕಿಕೊಂಡಿದೆ. ಹೇಗಾಯಿತು ಅಂದರೆ, ಎರಡನೆಯದಕ್ಕೆ ಕ್ಲೀನರ್ ಹೊಡೆಯುವಾಗ ಪಕ್ಕದ ಮೂರನೆಯದಕ್ಕೂ ಸಿಡಿದಿತ್ತು. ಕಾರ್ಬುರೇಟರ್ ಕ್ಲೀನರ್ ತಗುಲಿದರೆ ಈ ರಬ್ಬರು ಊದಿಕೊಳ್ಳುತ್ತದೆ. ಊದಿದ್ದನ್ನು ನಾನು ಅವಸರದಲ್ಲಿ ಒತ್ತಿ ಮುಚ್ಚಿದ್ದೆ. ಪುಣ್ಯಕ್ಕೆ ಹರಿದಿರಲಿಲ್ಲ. ಹೊಸದಕ್ಕೆ ಆರ್ಡರ್ ಹಾಕುವ ಮುಂಚೆ ಒಂದು ರಾತ್ರಿ ಬೆಚ್ಚಗಿನ ಜಾಗದಲ್ಲಿ ಇಟ್ಟು ನೋಡು ಅಂದರು ಮಾವ. ಬೆಳಿಗ್ಗೆ ಅದು ಮೊದಲಿನ ಅಳತೆಗೆ ಬಂದಿತ್ತು. ತೋಡಿನಲ್ಲಿ ಒಂದು ಚಿಟಿಕೆ ಗ್ರೀಸ್ ಸವರಿ ಅಂಚನ್ನು ಅದಕ್ಕೆ ಅಂಟಿಸಿದ ಹಾಗೆ ಕೂರಿಸಿ, ಮುಚ್ಚಳ ಹಾಕಿದೆ. ಕ್ಲೀನರ್ ಹಿಡಿಯುವ ಮುಂಚೆ ನಾಲ್ಕೂ ಡಯಾಫ್ರಾಮ್ ತೆಗೆದು ದೂರ ಇಡಬೇಕಿತ್ತು, ಅಷ್ಟೇ.

ಇನ್ನು ನಾಲ್ಕನ್ನೂ ಒಂದೇ ಸಮಕ್ಕೆ ತರುವ ಕೆಲಸ. ಅದಕ್ಕೂ ಮುಂಚೆ ತಣ್ಣಗಿನ ಎಂಜಿನ್ನಿನಲ್ಲಿ ವಾಲ್ವುಗಳ ಟ್ಯಾಪೆಟ್ ಗ್ಯಾಪ್ ನೋಡಿದೆ: ಇನ್‌ಟೇಕ್ 0.11ರಿಂದ 0.15 ಮಿಮೀ, ಎಕ್ಸಾಸ್ಟ್ 0.16ರಿಂದ 0.20 ಒಳಗಿರಬೇಕು. ಒಂದು ಎಕ್ಸಾಸ್ಟ್ ಕೆಳಗಿನ ಅಂಚಿನಲ್ಲಿತ್ತು, ಮುಂದಿನ ಸಲಕ್ಕೆ ಬಿಟ್ಟೆ. ಟ್ಯಾಂಕ್ ಇಲ್ಲದೆ ಎಂಜಿನ್ ಓಡಬೇಕಲ್ಲ, ಪೊರಕೆ ಕೋಲಿಗೆ ಸಣ್ಣ ಪೆಟ್ರೋಲ್ ಬಾಟಲಿ ಕಟ್ಟಿದೆ, ಆಸ್ಪತ್ರೆಯ ಡ್ರಿಪ್ ಹಾಗೆ. ಗಾಳಿಗೆ ತಣ್ಣಗಾಗುವ ಎಂಜಿನ್ ನಿಂತಲ್ಲೇ ಓಡಿದರೆ ಸುಡುತ್ತದೆ, ಹಾಗಾಗಿ ಮುಂದೆ ಒಂದು ಟೇಬಲ್ ಫ್ಯಾನ್. ಹೀರುವಿಕೆ ಅಳೆಯುವ ನಾಲ್ಕು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರೆ ನಾಲ್ಕು ಮುಳ್ಳು ನಾಲ್ಕು ದಿಕ್ಕು. ಮೊದಲು 1–2ರ ನಡುವಿನ ಸ್ಕ್ರೂ, ಆಮೇಲೆ 3–4ರದು, ಕೊನೆಗೆ ಎರಡು ಜೋಡಿಗಳ ನಡುವಿನದು. ಕಾಲು ಸುತ್ತೂ ಜಾಸ್ತಿಯೇ, ಕೂದಲೆಳೆಯಷ್ಟು ತಿರುಗಿಸಿ ಕಾಯಬೇಕು. ನಾಲ್ಕೂ ಮುಳ್ಳು ಒಂದೇ ಕಡೆ ನಿಂತ ಮೇಲೆ ಐಡ್ಲಿಂಗ್ 1,050ಕ್ಕೆ ಇಟ್ಟೆ. ಟ್ಯಾಂಕಿನ ಮೇಲೆ ಕಾಫಿ ಲೋಟ ಇಟ್ಟರೆ ಅಲುಗದಷ್ಟು ನಯ.

ಆಯಿಲ್, ಫಿಲ್ಟರ್, ಚೈನ್, ಬ್ರೇಕ್ ಆಯಿಲ್, ಅದೆಲ್ಲ ಮಾಮೂಲಿ. ಗಾಡಿ ರಸ್ತೆಗೆ ಯೋಗ್ಯವೇ ಅಂತ ಇಲ್ಲಿ ನೋಡುವ ಎಂಒಟಿ ತಪಾಸಣೆಗೆ 29.65 ಪೌಂಡ್ ಕಟ್ಟಿದೆ, ಪಾಸಾಯಿತು.

ವರ್ಕ್‌ಶಾಪಿಗೆ ಹೋಗಿ ಹಳೇ ಕಾಯಿಲ್ ಕೇಳಿ ತಂದೆ. ಮೀಟರ್ ಹಿಡಿದು ನೋಡಿದರೆ ಎರಡೂ ಸರಿಯಾಗಿವೆ. ಅವರಿಗೆ ಹೇಳಿದೆ, ಹೊಸದು ಹಾಕಿದ್ದು ನಷ್ಟವೇನಲ್ಲವಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ. ಜಗಳ ಮಾಡುವ ಮನಸ್ಸೂ ಇರಲಿಲ್ಲ, ಬೌಲಿನಲ್ಲಿ ಪೆಟ್ರೋಲ್ ಬಿಟ್ಟ ವಿಷಯ ನಾನೂ ಅವರಿಗೆ ಹೇಳಿರಲಿಲ್ಲವಲ್ಲ.

ಆ ಅಕ್ಟೋಬರಿನಲ್ಲಿ ನಾಲ್ಕೂ ಬೌಲ್ ಖಾಲಿ ಮಾಡಿದೆ. ಎರಡನೆಯದು ಎಲ್ಲಕ್ಕಿಂತ ಮೊದಲು. ಡಿಸೆಂಬರಿನಲ್ಲಿ ಊರಿಗೆ ಹೊರಡುವ ಮುಂಚೆ ಮಾವನ ಫೋನ್ ಬಂತು.

"ಆ ಜಪಾನಿ ಸ್ಕ್ರೂ ಡ್ರೈವರ್ ಇನ್ನೊಂದು ತಗೊಂಡು ಬಾ."

"ನಿಮ್ಮ ಯೆಜ್ದಿಗೆ ಅದು ಯಾಕೆ ಮಾವ?"

"ಯೆಜ್ದಿಗಲ್ಲ ಕಣೋ. ಪಕ್ಕದ ಮನೆಯವರ ಯಮಹಾ ಆರ್‌ಎಕ್ಸ್ 100 ಇದೆಯಲ್ಲ, ಅದರ ಸ್ಕ್ರೂ ತಲೆ ಎಲ್ಲ ನಾನೇ ಹಾಳು ಮಾಡಿದೀನಿ."